58 ಕೆಜಿ ಸವಾರರಿಗೆ ಹೊಂದುವ ಸ್ನೋಮೊಬೈಲ್: ಹಿಂದಿನ ಸಸ್ಪೆನ್ಷನ್, ಶಾಕ್ ಮನೆಯಲ್ಲೇ ಬದಲಿಸಿದ ಅನುಭವ

ಸ್ನೋಮೊಬೈಲ್‌ಗೆ, ಅಂದರೆ ಮುಂದೆ ಸ್ಕೀ, ಹಿಂದೆ ಟ್ರ್ಯಾಕ್ ಅನ್ನೋ ರಬ್ಬರ್ ಪಟ್ಟಿ ಇರುವ ಹಿಮದ ಗಾಡಿಗೆ, ಹೊಸ ಶಾಕ್ (ಶಾಕ್ ಅಬ್ಸಾರ್ಬರ್) ಹಾಕಿಸಬೇಕು ಅಂತಿದ್ದರೆ ಮೊದಲು ಒಂದು ಕೆಲಸ ಮಾಡಿ. ಹೆಲ್ಮೆಟ್, ಜಾಕೆಟ್, ಬಿಬ್ (ಎದೆ ಮುಚ್ಚುವ ಪ್ಯಾಂಟ್), ಬೂಟು, ಬೆನ್ನಿನ ಚೀಲ ಎಲ್ಲಾ ಹಾಕಿಕೊಂಡು ತೂಕದ ಮೆಷಿನ್ ಮೇಲೆ ನಿಲ್ಲಿ. ನಾನು ಮನೆ ಬಟ್ಟೆಯಲ್ಲಿ 58 ಕೆಜಿ. ಸವಾರಿಗೆ ಹೊರಟಾಗ 67. ಈ ಎರಡನೇ ಅಂಕಿಯೇ ಮುಖ್ಯ. ನನ್ನ ಗಾಡಿಯ ಹಿಂದೆ ಇದ್ದ ಸ್ಪ್ರಿಂಗುಗಳು 100 ಕೆಜಿ ದಾಟಿದ ಸವಾರರಿಗೆ ಹೊಂದುವಂಥವು. ಅವನ್ನು ಹಾಗೇ ಬಿಟ್ಟು ಎಷ್ಟೇ ದುಬಾರಿ ಶಾಕ್ ಹಾಕಿದ್ದರೂ ನನ್ನ ಬೆನ್ನಿಗೆ ಸುಖ ಸಿಗುತ್ತಿರಲಿಲ್ಲ.

ನಾನು ಇರುವುದು ಅಮೆರಿಕದ ಮಿಶಿಗನ್ ರಾಜ್ಯದ ಉತ್ತರದ ತುದಿಯಲ್ಲಿ, ಕೀವಿನಾ ಪರ್ಯಾಯ ದ್ವೀಪದ ಹ್ಯಾಂಕಾಕ್ ಊರಿನಲ್ಲಿ. ಸುತ್ತ ಸುಪೀರಿಯರ್ ಸರೋವರ. ಚಳಿಗಾಲದ ಒಣ ಗಾಳಿ ಆ ನೀರಿನ ಮೇಲೆ ಹಾದು ಬರುವಾಗ ತೇವ ಹೀರಿಕೊಳ್ಳುತ್ತದೆ, ನಮ್ಮ ಗುಡ್ಡಗಳ ಮೇಲೆ ಬಂದು ಅದನ್ನೆಲ್ಲ ಹಿಮವಾಗಿ ಸುರಿಸುತ್ತದೆ. ಪಕ್ಕದ ಕೀವಿನಾ ಕೌಂಟಿಯಲ್ಲಿ 1978-79ರ ಚಳಿಗಾಲದಲ್ಲಿ ಬಿದ್ದದ್ದು 390.4 ಇಂಚು, ಅಂದರೆ ಹತ್ತಿರ ಹತ್ತಿರ 10 ಮೀಟರ್. ಹೆದ್ದಾರಿ 41ರ ಪಕ್ಕದಲ್ಲಿ ಆ ದಾಖಲೆಯನ್ನು ತೋರಿಸೋ ಎತ್ತರದ ಅಳತೆಗೋಲೇ ನಿಂತಿದೆ. ಇಂಥ ಊರಲ್ಲಿ ಸ್ನೋಮೊಬೈಲ್ ಬರೀ ಶೋಕಿಯಲ್ಲ. ಹ್ಯಾಂಕಾಕ್ ಮತ್ತು ಹೋಟನ್ ನಡುವಿನ ಲಿಫ್ಟ್ ಬ್ರಿಡ್ಜ್‌ನ ಕೆಳ ಅಂತಸ್ತು ಹಿಂದೆ ರೈಲಿಗಿತ್ತು, ಈಗ ಚಳಿಗಾಲದಲ್ಲಿ ಅದು ಸ್ನೋಮೊಬೈಲ್‌ಗಳಿಗೇ ಮೀಸಲು. ಮೇಲೆ ಕಾರು, ಕೆಳಗೆ ನಾವು.

ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಮುಗಿಸಿ ಮಿಶಿಗನ್ ಟೆಕ್‌ಗೆ ಎಂ.ಎಸ್. ಓದಲು ಬಂದವಳು ನಾನು. ಇಲ್ಲಿನ ಕೀವಿನಾ ರಿಸರ್ಚ್ ಸೆಂಟರ್‌ನಲ್ಲಿ 2003ರಿಂದ ಎಸ್‌ಎಇ (ವಾಹನ ಎಂಜಿನಿಯರುಗಳ ಸಂಘ) ಕ್ಲೀನ್ ಸ್ನೋಮೊಬೈಲ್ ಚಾಲೆಂಜ್ ನಡೆಯುತ್ತದೆ. ಕಾಲೇಜು ತಂಡಗಳು ಹೊಗೆ ಮತ್ತು ಸದ್ದು ಕಡಿಮೆ ಮಾಡಿದ ಗಾಡಿಗಳನ್ನು ತಂದು ಪಂದ್ಯಕ್ಕೆ ನಿಲ್ಲಿಸುತ್ತವೆ. ಅಲ್ಲಿ ಗಾಡಿಯೊಂದನ್ನು ತಲೆಕೆಳಗು ಮಾಡಿ ಇಟ್ಟಿದ್ದರು. ಅದರ ಹೊಟ್ಟೆಯೊಳಗಿನ ತೋಳು, ರೇಲು, ಶಾಕ್ ನೋಡಿದ ಮೇಲೆ ನನಗೆ ಈ ಹುಚ್ಚು ಹತ್ತಿತು. ಓದು ಮುಗಿದರೂ ಊರು ಬಿಡಲಿಲ್ಲ.

ನನ್ನದು ಪೋಲಾರಿಸ್ 600 ಇಂಡಿ, 121 ಇಂಚಿನ ಟ್ರ್ಯಾಕ್, ಸೆಕೆಂಡ್ ಹ್ಯಾಂಡ್. ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್. ಎಂಜಿನ್ ಬಗ್ಗೆ ನನಗೆ ಒಂದು ಮಾತೂ ಇಲ್ಲ, ಚಿನ್ನದಂಥದ್ದು. ಹಿಂದಿನ ಮಾಲೀಕರು ಎತ್ತರದ, ದಪ್ಪ ಮೈಕಟ್ಟಿನವರು. ಹೆಂಡತಿಯನ್ನೂ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರಂತೆ, ಅದಕ್ಕೆ ಗಟ್ಟಿ ಸ್ಪ್ರಿಂಗ್ ಹಾಕಿಸಿದ್ದರು. ಅವರಿಗೆ ಅದು ಸರಿಯೇ ಇತ್ತು. ನನಗಲ್ಲ.

ಹೋಟನ್‌ನಿಂದ ದಕ್ಷಿಣಕ್ಕೆ ಬಿಲ್ ನಿಕಲ್ಸ್ ಟ್ರೇಲ್ ಇದೆ. ಹಳೆಯ ಕಾಪರ್ ರೇಂಜ್ ರೈಲು ಹಾದಿಯನ್ನೇ ಟ್ರೇಲ್ ಮಾಡಿದ್ದಾರೆ. ಮುಂದೆ ಫೈರ್‌ಸ್ಟೀಲ್ ನದಿಯ ಮೇಲೆ ಮೂರು ಎತ್ತರದ ಸೇತುವೆಗಳು ಬರುತ್ತವೆ, ನೋಡಲು ಎರಡು ಕಣ್ಣು ಸಾಲದು. ರಾತ್ರಿ ಗ್ರೂಮರ್ ಯಂತ್ರ ಓಡಾಡಿ ಹಿಮ ಸಮ ಮಾಡಿ ಹೋಗುತ್ತದೆ. ಬೆಳಿಗ್ಗೆ ಬೇಗ ಹೊರಟರೆ ಹಾದಿ ನುಣ್ಣಗೆ. ಶನಿವಾರ ಮಧ್ಯಾಹ್ನದ ಹೊತ್ತಿಗೆ ನೂರಾರು ಗಾಡಿ ಓಡಿ ಉಬ್ಬು ಎದ್ದಿರುತ್ತದೆ. ಎರಡು ಥರದ ಉಬ್ಬು. ಒಂದು, ಮೊಣಕಾಲೆತ್ತರದ ದೊಡ್ಡ ಮೊಗಲ್. ಇನ್ನೊಂದು, ತಿರುವಿಗೆ ಮುಂಚೆ ಎಲ್ಲರೂ ಬ್ರೇಕ್ ಒತ್ತುವ ಕಡೆ ಸಾಲಾಗಿ ಏಳುವ ಸಣ್ಣ ಗಟ್ಟಿ ಉಬ್ಬು. ಅದರ ಮೇಲೆ ಹೋಗುವುದು ಸಿಮೆಂಟ್ ಶೀಟಿನ ಛಾವಣಿ ಮೇಲೆ ಗಾಡಿ ಓಡಿಸಿದ ಹಾಗೆ. ದೊಡ್ಡ ಮೊಗಲ್‌ನಲ್ಲಿ ಎದ್ದು ನಿಂತು ಮಂಡಿ ಬಗ್ಗಿಸಿ ಪಾರಾಗಬಹುದು. ಸಣ್ಣ ಉಬ್ಬುಗಳ ಸಾಲಿಗೆ ಅದು ನಡೆಯುವುದಿಲ್ಲ. ಪ್ರತಿ ಉಬ್ಬೂ ನೇರವಾಗಿ ಸೊಂಟಕ್ಕೆ ಬರುತ್ತದೆ.

ಏನು ಬದಲಿಸಿದೆ ಅಂತ ಹೇಳುವ ಮೊದಲು ಒಳಗೆ ಏನಿದೆ ಅಂತ ಹೇಳಬೇಕು. ಇದು ಗೊತ್ತಿಲ್ಲದೆ ಸುಮ್ನೆ ಕ್ಯಾಟಲಾಗ್ ನೋಡಿ ಆರ್ಡರ್ ಮಾಡಿದರೆ ದುಡ್ಡು ದಂಡ. ಟ್ರ್ಯಾಕ್ ಅನ್ನೋ ರಬ್ಬರ್ ಪಟ್ಟಿಯ ಒಳಗೆ ಎರಡು ಅಲ್ಯೂಮಿನಿಯಂ ರೇಲ್‌ಗಳ ಒಂದು ಚೌಕಟ್ಟು ಇರುತ್ತದೆ. ಇದನ್ನು ಸ್ಕಿಡ್ ಅನ್ನುತ್ತಾರೆ. ಈ ಸ್ಕಿಡ್ ಎರಡು ತೋಳುಗಳ ಮೂಲಕ ಗಾಡಿಯ ಮೈಗೆ, ಅಂದರೆ ಟನಲ್‌ಗೆ ಸೇರಿಕೊಂಡಿದೆ. ಮುಂದಿನ ತೋಳಿಗೆ ಒಂದು ಶಾಕ್, ಅದರ ಮೇಲೇ ಸುತ್ತಿದ ಕಾಯಿಲ್ ಸ್ಪ್ರಿಂಗ್. ಹಿಂದಿನ ತೋಳಿಗೆ ಇನ್ನೊಂದು ಶಾಕ್. ಅದಕ್ಕೆ ಮೈಮೇಲೆ ಸ್ಪ್ರಿಂಗ್ ಇಲ್ಲ. ಭಾರ ಹೊರುವುದು ಎಡಕ್ಕೊಂದು ಬಲಕ್ಕೊಂದು ಇರುವ ಟಾರ್ಷನ್ ಸ್ಪ್ರಿಂಗ್, ಅಂದರೆ ತಿರುಚಿಕೊಂಡು ಕೆಲಸ ಮಾಡುವ ದಪ್ಪ ತಂತಿಯ ಸುರುಳಿ. ನಿಮ್ಮ ಮೈಭಾರದ ಬಹುಪಾಲು ಹೊರುವುದು ಈ ಜೋಡಿ.

ಸ್ಪ್ರಿಂಗ್ ಮತ್ತು ಶಾಕ್ ಕೆಲಸ ಬೇರೆ ಬೇರೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಸ್ಪ್ರಿಂಗ್ ಭಾರ ಹೊರುತ್ತದೆ, ಒತ್ತಿದ್ದನ್ನು ವಾಪಸ್ ತಳ್ಳುತ್ತದೆ. ಶಾಕ್ ಆ ಓಡಾಟದ ವೇಗಕ್ಕೆ ಕಡಿವಾಣ ಹಾಕುತ್ತದೆ. ಒಳಗೆ ಎಣ್ಣೆ, ಅದರಲ್ಲಿ ಒಂದು ಪಿಸ್ಟನ್, ಪಿಸ್ಟನ್‌ನ ತೂತುಗಳನ್ನು ಮುಚ್ಚಿಕೊಂಡ ತೆಳು ಉಕ್ಕಿನ ಬಿಲ್ಲೆಗಳ ಜೋಡಣೆ, ಶಿಮ್ ಅನ್ನುತ್ತಾರೆ. ಎಣ್ಣೆ ಆ ಬಿಲ್ಲೆಗಳನ್ನು ಬಗ್ಗಿಸಿಕೊಂಡು ದಾಟಬೇಕು. ಹಾಗೆ ದಾಟುವಾಗ ಉಬ್ಬಿನ ಹೊಡೆತ ಶಾಖವಾಗುತ್ತದೆ. ಗಾಡಿ ಹಿಂದೆ ಗಟ್ಟಿಯಾಗಿದೆ ಅಂತ ಅನ್ನಿಸಿದರೆ ತಪ್ಪು ಸ್ಪ್ರಿಂಗ್‌ನದೋ ಶಾಕ್‌ನದೋ ಅಂತ ಮೊದಲು ಗೊತ್ತಾಗಬೇಕು, ಅಲ್ವಾ?

ಅದಕ್ಕೆ ಸ್ಯಾಗ್, ಅಂದರೆ ನೀವು ಕೂತಾಗ ಗಾಡಿ ಎಷ್ಟು ತಗ್ಗುತ್ತದೆ ಅಂತ, ಅಳೆಯಬೇಕು. ಒಂದು ಟೇಪು ಸಾಕು. ಗಾಡಿಯ ಹಿಂದಿನ ಬಂಪರ್ ಹಿಡಿದು ಸಸ್ಪೆನ್ಷನ್ ಪೂರ್ತಿ ಚಾಚಿಕೊಳ್ಳುವಷ್ಟು ಎತ್ತಿ, ಬಂಪರ್‌ನಿಂದ ನೆಲಕ್ಕೆ ಎಷ್ಟಿದೆ ಅಂತ ಅಳೆಯಿರಿ. ಆಮೇಲೆ ಪೂರ್ತಿ ಡ್ರೆಸ್ ಹಾಕಿಕೊಂಡು ಸೀಟಿನ ಮೇಲೆ ಕೂತು, ಒಂದೆರಡು ಸಲ ಕುಲುಕಿ, ಮತ್ತೆ ಅಳೆಸಿ. ಟ್ರೇಲ್ ಗಾಡಿಗೆ ಈ ವ್ಯತ್ಯಾಸ ಸುಮಾರು 3ರಿಂದ 4 ಇಂಚು ಬಂದರೆ ಚೆನ್ನ. ನನ್ನದು ಒಂದು ಇಂಚಿನ ಮೇಲೆ ಸ್ವಲ್ಪ ಬಂತು, ಅಷ್ಟೇ. ಅದೂ ಸ್ಪ್ರಿಂಗ್ ಬಿಗಿ ಮಾಡುವ ಕ್ಯಾಮ್ ಅತಿ ಮೆತ್ತನೆಯ ಸ್ಥಾನದಲ್ಲಿದ್ದಾಗ! ಅಂದರೆ ನಾನು ಕೂತರೂ ಒಂದೇ, ಕೂರದಿದ್ದರೂ ಒಂದೇ. ಗುಂಡಿ ಬಂದಾಗ ಚಾಚಿಕೊಂಡು ನೆಲ ಹಿಡಿಯಲು ಸಸ್ಪೆನ್ಷನ್‌ಗೆ ಜಾಗವೇ ಉಳಿದಿರಲಿಲ್ಲ.

ಸ್ಪ್ರಿಂಗ್ ತಂತಿಗೆ ವರ್ನಿಯರ್ ಹಿಡಿದು ನೋಡಿದೆ. 0.375 ಇಂಚು. ಹಗುರ ಸವಾರರಿಗೆ ಸಿಗುವ ತಂತಿ 0.347 ಇಂಚು. ನೋಡಲು ವ್ಯತ್ಯಾಸ ಒಂದು ಮಿಲಿಮೀಟರ್ ಕೂಡ ಇಲ್ಲ. ಆದರೆ ಟಾರ್ಷನ್ ಸ್ಪ್ರಿಂಗ್‌ನ ಗಟ್ಟಿತನ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ. ಸುರುಳಿಯ ಅಗಲ, ಸುತ್ತುಗಳ ಸಂಖ್ಯೆ ಒಂದೇ ಇದ್ದರೆ 0.375ರದ್ದು 0.347ರದ್ದಕ್ಕಿಂತ ಶೇಕಡಾ 36ರಷ್ಟು ಗಟ್ಟಿ. ಕಾಲೇಜಿನಲ್ಲಿ ಮಷಿನ್ ಡಿಸೈನ್ ಪರೀಕ್ಷೆಗೆ ಓದಿಕೊಂಡ ಸೂತ್ರ ನನ್ನ ಸೊಂಟನೋವಿನ ಲೆಕ್ಕ ಹೇಳಿದ್ದು ನೋಡಿ ತುಂಬಾ ಖುಷಿಯಾಯಿತು.

ಹಾಗಾದರೆ ಸ್ಪ್ರಿಂಗ್ ಮಾತ್ರ ಬದಲಿಸಿದರೆ ಆಗೋದಿಲ್ವಾ? ಶಾಕ್ ಚೆನ್ನಾಗಿದ್ದರೆ ಖಂಡಿತ ಅಲ್ಲಿಂದಲೇ ಶುರು ಮಾಡಿ. ಖರ್ಚು ಕಡಿಮೆ, ಫಲ ಜಾಸ್ತಿ. ನನ್ನ ವಿಷಯದಲ್ಲಿ ಎರಡು ಕಾರಣಕ್ಕೆ ಶಾಕ್ ಕೂಡ ಬದಲಿಸಬೇಕಾಯಿತು. ಒಂದು, ಹಳೆಯದನ್ನು ಬಿಚ್ಚಿ ನಿಲ್ಲಿಸಿ ಕೈಯಲ್ಲಿ ಒತ್ತಿದಾಗ ದಂಡ ಮೊದಲ ಒಂದು ಇಂಚು ಏನೂ ತಡೆಯಿಲ್ಲದೆ ಸೊರ್ರನೆ ಒಳಗಿಳಿಯಿತು. ಆಮೇಲಷ್ಟೇ ಬಿಗಿಯಾಯಿತು. ಎಣ್ಣೆಯಲ್ಲಿ ಗಾಳಿ ಬೆರೆತಿದೆ ಅಂತ ಅರ್ಥ. ಸೀಲ್ ಸುತ್ತ ಕಪ್ಪು ಎಣ್ಣೆಯ ಉಂಗುರವೂ ಇತ್ತು. ವರ್ಷಗಟ್ಟಲೆ ದುಡಿದ ಶಾಕ್, ಪಾಪ, ವಯಸ್ಸಾಗಿತ್ತು. ಇನ್ನೊಂದು ಕಾರಣ ಇನ್ನೂ ಮುಖ್ಯ. ಶಾಕ್ ವಾಪಸ್ ಚಾಚಿಕೊಳ್ಳುವ ವೇಗವನ್ನು, ಅಂದರೆ ರೀಬೌಂಡನ್ನು, ಸ್ಪ್ರಿಂಗ್‌ನ ಬಲಕ್ಕೆ ತಕ್ಕಂತೆ ಹೊಂದಿಸಿರುತ್ತಾರೆ. ಗಟ್ಟಿ ಸ್ಪ್ರಿಂಗ್‌ಗೆ ಹೊಂದಿಸಿದ ಶಾಕ್‌ಗೆ ಮೆತ್ತನೆಯ ಸ್ಪ್ರಿಂಗ್ ಕೊಟ್ಟರೆ ಅದು ನಿಧಾನವಾಗಿ ಚಾಚಿಕೊಳ್ಳುತ್ತದೆ. ಮೊದಲ ಉಬ್ಬಿಗೆ ಕುಗ್ಗಿದ್ದು ಪೂರ್ತಿ ಮೇಲೆ ಬರುವ ಮುಂಚೆ ಎರಡನೇ ಉಬ್ಬು ಬಂದಿರುತ್ತದೆ. ಐದಾರು ಉಬ್ಬು ದಾಟುವಷ್ಟರಲ್ಲಿ ಸಸ್ಪೆನ್ಷನ್ ಕುಗ್ಗಿ ಕುಗ್ಗಿ ತಳ ಹಿಡಿದು ಕೂತಿರುತ್ತದೆ. ಇಲ್ಲಿನವರು ಇದನ್ನು ಪ್ಯಾಕಿಂಗ್ ಅನ್ನುತ್ತಾರೆ. ಸಣ್ಣ ಉಬ್ಬುಗಳ ಸಾಲೇ ಹೆಚ್ಚಿರುವ ನಮ್ಮ ಟ್ರೇಲ್‌ಗಳಿಗೆ ಇದು ದೊಡ್ಡ ಶತ್ರು.

ನಾನು ಆರಿಸಿದ್ದು ಫಾಕ್ಸ್ ಕಂಪನಿಯ ಶಾಕ್. ಹಿಂದಿನ ತೋಳಿಗೆ ಕ್ಯೂಎಸ್3 ಮಾದರಿ, ಮುಂದಿನ ತೋಳಿಗೆ ಹೊಂದಾಣಿಕೆ ಇಲ್ಲದ ಸರಳ ಮಾದರಿ, ಅದಕ್ಕೆ ಮೆತ್ತನೆಯ ಕಾಯಿಲ್. ಕ್ಯೂಎಸ್3 ಅಂದರೆ ಕಂಪ್ರೆಷನ್‌ಗೆ, ಅಂದರೆ ಶಾಕ್ ಕುಗ್ಗುವಾಗಿನ ತಡೆಗೆ, ಮೂರು ಸ್ಥಾನ: ಮೆತ್ತಗೆ, ನಡುವೆ, ಗಟ್ಟಿ. ಟೂಲ್ ಬೇಡ, ಕೈಯಲ್ಲೇ ತಿರುಗಿಸಬಹುದು. ಒಳಗೆ ಎಣ್ಣೆ ಒಂದು ಕಡೆ, ಒತ್ತಡದ ನೈಟ್ರೋಜನ್ ಇನ್ನೊಂದು ಕಡೆ, ನಡುವೆ ತೇಲುವ ಪಿಸ್ಟನ್. ಹಾಗಾಗಿ ಗಾಳಿ ಎಣ್ಣೆಗೆ ಬೆರೆತು ನೊರೆಯಾಗುವ ಪ್ರಶ್ನೆ ಇಲ್ಲ. ಎಲ್ಲಕ್ಕಿಂತ ಮುಖ್ಯ, ಇವನ್ನು ಬಿಚ್ಚಿ ಸೀಲ್, ಎಣ್ಣೆ ಬದಲಿಸಿ ಮತ್ತೆ ಹೊಸದರಂತೆ ಮಾಡಬಹುದು. ಹಲವು ಅಗ್ಗದ ಶಾಕ್‌ಗಳು ಮುಚ್ಚಿದ ಡಬ್ಬಿಗಳು, ಕೆಟ್ಟರೆ ಬಿಸಾಡಬೇಕು. ಅಂಥದಕ್ಕೆ ಎರಡು ಸಲ ದುಡ್ಡು ಹಾಕುವ ಬದಲು ಇದಕ್ಕೆ ಒಂದೇ ಸಲ ಹಾಕುವುದು ಮೇಲು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಶಾಕ್ ನೇರವಾಗಿ ಡಬ್ಬಿಯಲ್ಲಿ ಕೊಳ್ಳಲಿಲ್ಲ. ವಿಸ್ಕಾನ್ಸಿನ್‌ನ ಒಂದು ಸಣ್ಣ ಸಸ್ಪೆನ್ಷನ್ ಅಂಗಡಿಯ ಮೂಲಕ ತರಿಸಿದೆ. ಅವರು ಸವಾರರ ತೂಕ ಕೇಳಿ ಒಳಗಿನ ಶಿಮ್ ಬದಲಿಸಿ ಕೊಡುತ್ತಾರೆ. ಆರ್ಡರ್ ಮಾಡುವಾಗ ಒಂದು ಫಾರಂ ತುಂಬಿಸಿಕೊಂಡರು. ಡ್ರೆಸ್ ಸಮೇತ ತೂಕ, ಒಬ್ಬರೇ ಓಡಿಸೋದಾ ಇಬ್ಬರಾ, ಟ್ರೇಲ್ ಎಷ್ಟು, ಟ್ರೇಲ್ ಬಿಟ್ಟು ಆಳ ಹಿಮದಲ್ಲಿ ಎಷ್ಟು, ಕೂತು ಓಡಿಸುತ್ತೀರಾ ನಿಂತು ಓಡಿಸುತ್ತೀರಾ, ಈಗಿನ ಸ್ಯಾಗ್ ಎಷ್ಟು. 67 ಕೆಜಿ ಅಂತ ಬರೆದದ್ದಕ್ಕೆ ಫೋನ್ ಮಾಡಿ ಪೌಂಡ್ ಬದಲು ತಪ್ಪಿ ಕೆಜಿ ಹಾಕಿದ್ದೀರಾ ಅಂತ ವಿಚಾರಿಸಿಕೊಂಡರು. ಇಲ್ಲ, 148 ಪೌಂಡು, ಅದೇ ಸರಿ ಅಂದೆ. ಹಾಗೆ ಕರೆ ಮಾಡಿ ಖಚಿತ ಮಾಡಿಕೊಂಡದ್ದು ನನಗೆ ತುಂಬಾ ಹಿಡಿಸಿತು. ಟಾರ್ಷನ್ ಸ್ಪ್ರಿಂಗ್ 0.347ರದ್ದೇ ಸರಿ ಅಂತ ಅವರೂ ಹೇಳಿದರು.

ಆದರೆ ಅದೇ ಅಂಗಡಿಯ ಮೇಲೆ ಒಂದು ದೂರು. ಹೇಳಿದ ದಿನಕ್ಕಿಂತ ತುಂಬಾ ತಡವಾಗಿ ಕಳಿಸಿದರು. ಬಂದ ಪೆಟ್ಟಿಗೆಯಲ್ಲಿ ಮುಂದಿನ ಶಾಕ್‌ನ ಕೆಳತುದಿಯ ಉಕ್ಕಿನ ಸ್ಲೀವ್ ಬೇರೆ ಅಗಲದ್ದು. ಒಂದೂವರೆ ಮಿಲಿಮೀಟರ್ ಜಾಸ್ತಿ, ಬ್ರಾಕೆಟ್ ಒಳಗೆ ಕೂರಲಿಲ್ಲ. ಫೋಟೋ ಕಳಿಸಿದ ಮೇಲೆ ಮಾತಾಡದೆ ಹೊಸದು ಕಳಿಸಿದರು, ದುಡ್ಡು ಕೇಳಲಿಲ್ಲ. ಆದರೂ ಡಿಸೆಂಬರ್ 1ಕ್ಕೆ ಮಿಶಿಗನ್‌ನಲ್ಲಿ ಟ್ರೇಲ್ ತೆರೆಯುತ್ತದೆ, ಗಾಡಿ ಹೊಟ್ಟೆ ಬಿಚ್ಚಿಕೊಂಡು ಶೆಡ್ಡಿನಲ್ಲಿ ಮಲಗಿದ್ದರೆ ಜೀವ ಚಡಪಡಿಸುತ್ತದೆ. ಪೆಟ್ಟಿಗೆ ಬಂದ ದಿನವೇ ಪ್ರತಿ ತುದಿಯ ಅಗಲ, ಬೋಲ್ಟ್ ದಪ್ಪ, ಎರಡು ತುದಿಯ ಬೋಲ್ಟ್ ತೂತುಗಳ ನಡುವಿನ ಉದ್ದ ಎಲ್ಲಾ ಹಳೆಯದರ ಪಕ್ಕ ಇಟ್ಟು ಅಳೆದು ನೋಡಿ.

ಈಗ ಮನೆಕೆಲಸ. ಇದಕ್ಕೆ ಮೆಕ್ಯಾನಿಕ್ ಬೇಕಿಲ್ಲ. ಸಾಕೆಟ್ ಸೆಟ್, ಟಾರ್ಕ್ ರೆಂಚ್, ಎರಡು ರ‍್ಯಾಚೆಟ್ ಸ್ಟ್ರಾಪ್, ಟಾರ್ಷನ್ ಸ್ಪ್ರಿಂಗ್ ಎಳೆಯುವ ಕೊಕ್ಕೆ, ಗಾಡಿಯ ಸರ್ವಿಸ್ ಮ್ಯಾನ್ಯುಯಲ್. ಇಷ್ಟಿದ್ದರೆ ಸಾಕು. ಕಣ್ಣಿಗೆ ಕನ್ನಡಕ ಮಾತ್ರ ಮರೆಯಬೇಡಿ. ಮೊದಲು ಟ್ರ್ಯಾಕ್‌ನ ಬಿಗಿ ಸಡಿಲಿಸಿದೆ. ಹಿಂದಿನ ಅಚ್ಚಿನ ಎರಡೂ ತುದಿಯಲ್ಲಿ ಹೊಂದಿಸುವ ಬೋಲ್ಟ್ ಇದೆ. ಆಮೇಲೆ ಟಾರ್ಷನ್ ಸ್ಪ್ರಿಂಗ್‌ನ ಉದ್ದನೆ ಕಾಲನ್ನು ಅದರ ಆಸರೆಯಿಂದ ಬಿಡಿಸಬೇಕು. ಇಡೀ ಕೆಲಸದಲ್ಲಿ ಭಯ ಇರುವುದು ಇದೊಂದಕ್ಕೇ. ಆ ಕಾಲಿನಲ್ಲಿ ತುಂಬಿರುವ ಬಲ ಬೆರಳು ಮುರಿಯುವಷ್ಟು. ಕೊಕ್ಕೆಯನ್ನು ತುದಿಗೆ ಸಿಕ್ಕಿಸಿ, ಮೈಯನ್ನು ಅದರ ದಾರಿಯಿಂದ ಪಕ್ಕಕ್ಕೆ ಇಟ್ಟು, ಮೇಲೆತ್ತಿ, ಒಳಕ್ಕೆ ಸರಿಸಿ, ನಿಧಾನವಾಗಿ ಬಿಡಬೇಕು. ಸ್ಕ್ರೂಡ್ರೈವರ್ ಹಾಕಿ ಮೀಟುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಕೊಕ್ಕೆಗೆ ಇಪ್ಪತ್ತು ಮೂವತ್ತು ಡಾಲರ್, ಬೆರಳಿಗೆ ಬೆಲೆ ಇಲ್ಲ.

ಸ್ಕಿಡ್ ಹಿಡಿದುಕೊಂಡಿರುವುದು ಟನಲ್‌ನ ಎರಡೂ ಬದಿ ಸೇರಿ ನಾಲ್ಕೇ ಬೋಲ್ಟ್. ಗಾಡಿಯ ಹಿಂಭಾಗವನ್ನು ಶೆಡ್ಡಿನ ತೊಲೆಗೆ ಸ್ಟ್ರಾಪ್ ಹಾಕಿ, ಟ್ರ್ಯಾಕ್ ನೆಲಕ್ಕೆ ಸ್ವಲ್ಪವೇ ತಾಗುವಷ್ಟು ಎತ್ತಿದೆ. ಭಾರ ಇಳಿದ ಮೇಲೆ ಬೋಲ್ಟ್‌ಗಳು ಸಲೀಸಾಗಿ ಬರುತ್ತವೆ. ಮೂರು ಬಂದವು. ನಾಲ್ಕನೆಯದು ಹಟ ಹಿಡಿಯಿತು. ಬೋಲ್ಟ್ ಹಾಯುವ ಉದ್ದನೆ ಶಾಫ್ಟ್ ಒಳಗೆ ತುಕ್ಕು ಕಟ್ಟಿ, ಬೋಲ್ಟ್ ತಿರುಗಿಸಿದರೆ ಇಡೀ ಶಾಫ್ಟೇ ತಿರುಗುತ್ತಿತ್ತು. ಪೆನಿಟ್ರೇಟಿಂಗ್ ಎಣ್ಣೆ ಹಾಕಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಇನ್ನೊಂದು ಬದಿಯ ಬೋಲ್ಟನ್ನು ವಾಪಸ್ ಹಾಕಿ ಅದನ್ನು ಗಟ್ಟಿ ಹಿಡಿದು, ಈ ಬದಿಯದನ್ನು ತಿರುಗಿಸಿದೆ. ಟಕ್ ಅಂತ ಸದ್ದು ಬಂತು, ಕಿತ್ತಳೆ ಬಣ್ಣದ ಪುಡಿ ಉದುರಿತು, ಬಿಟ್ಟುಕೊಂಡಿತು. ವಾಪಸ್ ಹಾಕುವಾಗ ನಾಲ್ಕಕ್ಕೂ ಹೊಸ ಬೋಲ್ಟ್, ಎಳೆಗಳಿಗೆ ಮ್ಯಾನ್ಯುಯಲ್ ಹೇಳಿದ ಪೇಸ್ಟ್.

ಸ್ಕಿಡ್ ಹೊರಗೆ ಬಂದ ಮೇಲೆ ಅದನ್ನು ಮೇಜಿನ ಮೇಲಿಟ್ಟು ಕೈಯಾಡಿಸಿ ನೋಡುವುದೇ ಒಂದು ಸಂತೋಷ. ಹಿಂದಿನ ತೋಳನ್ನು ಹಿಡಿದು ಅಲ್ಲಾಡಿಸಿದರೆ ಲಟಲಟ ಅನ್ನುತ್ತಿತ್ತು. ತೋಳಿನ ಕೀಲಿನ ಒಳಗಿನ ಪ್ಲಾಸ್ಟಿಕ್ ಬುಷ್ ಸವೆದು ಅಂಡಾಕಾರ ಆಗಿತ್ತು. ಎಷ್ಟೇ ಒಳ್ಳೆಯ ಶಾಕ್ ಹಾಕಿದರೂ ತೋಳೇ ಹೀಗೆ ಅಲ್ಲಾಡಿದರೆ ಏನು ಪ್ರಯೋಜನ? ಎಲ್ಲಾ ಬುಷ್ ಬದಲಿಸಿದೆ. ಈ ಬುಷ್‌ಗಳ ಬೆಲೆ ಶಾಕ್ ಬೆಲೆಯ ಮುಂದೆ ಏನೂ ಅಲ್ಲ, ಆದರೆ ಗಾಡಿಗೆ ಬಂದ ಬಿಗಿತನದಲ್ಲಿ ಇವುಗಳ ಪಾಲು ದೊಡ್ಡದು. ರೇಲಿನ ಅಡಿಯ ಹೈಫ್ಯಾಕ್ಸ್, ಅಂದರೆ ಟ್ರ್ಯಾಕ್ ಜಾರುವ ಪ್ಲಾಸ್ಟಿಕ್ ಪಟ್ಟಿ, ಇನ್ನೂ ಒಂದು ಸೀಸನ್‌ಗೆ ಆಗುವಷ್ಟಿತ್ತು, ಹಾಗೇ ಬಿಟ್ಟೆ. ಟ್ರ್ಯಾಕ್ ಒಳಗೆ ಉರುಳುವ ಸಣ್ಣ ಚಕ್ರಗಳಲ್ಲಿ (ಬೋಗಿ) ಎರಡರ ಬೇರಿಂಗ್ ಕರಕರ ಅನ್ನುತ್ತಿದ್ದವು, ಬದಲಿಸಿದೆ. ಗ್ರೀಸ್ ಹಾಕುವ ಎಲ್ಲಾ ನಿಪ್ಪಲ್‌ಗೆ ಚಳಿಯಲ್ಲೂ ಗಟ್ಟಿಯಾಗದ ಗ್ರೀಸ್ ತುಂಬಿದೆ.

ಶಾಕ್ ಕೂರಿಸುವುದು ಸುಲಭ. ಒಂದು ಬೋಲ್ಟ್ ಮೇಲೆ, ಒಂದು ಕೆಳಗೆ, ಹೊಸ ಲಾಕ್‌ನಟ್, ಮ್ಯಾನ್ಯುಯಲ್ ಹೇಳಿದ ಟಾರ್ಕ್. ಕಷ್ಟ ಇರುವುದು ಸ್ಕಿಡ್ಡನ್ನು ಟ್ರ್ಯಾಕ್ ಒಳಗೆ ವಾಪಸ್ ತೂರಿಸಿ ನಾಲ್ಕು ತೂತು ಹೊಂದಿಸುವುದರಲ್ಲಿ. ಹೊಸ ಶಾಕ್ ಒಳಗೆ ಗ್ಯಾಸ್ ಒತ್ತಡ ಇರುವುದರಿಂದ ತೋಳು ತಾನಾಗಿ ಚಾಚಿಕೊಂಡೇ ಇರುತ್ತದೆ. ರ‍್ಯಾಚೆಟ್ ಸ್ಟ್ರಾಪನ್ನು ರೇಲ್ ಮತ್ತು ತೋಳು ಸೇರಿಸಿ ಸುತ್ತಿ ಬಿಗಿದು ಸ್ಕಿಡ್ಡನ್ನು ಮಡಚಿಕೊಳ್ಳಬೇಕು. ಮುಂದಿನ ತೋಳಿನ ಬೋಲ್ಟ್ ಮೊದಲು, ಆಮೇಲೆ ಹಿಂದಿನದು. ಒಬ್ಬರೇ ಮಾಡಬಹುದು, ಆದರೆ ಟಾರ್ಚ್ ಹಿಡಿದು ತೂತು ನೋಡಿ ಹೇಳಲು ಇನ್ನೊಬ್ಬರಿದ್ದರೆ ಅರ್ಧ ಹೊತ್ತು ಉಳಿಯುತ್ತದೆ. ನನಗೆ ಪಕ್ಕದ ಮನೆಯ ಹಿರಿಯರು ಬಂದರು. ಗಣಿ ಕೆಲಸಗಾರರ ಕಾಲದಿಂದ ಈ ಊರಿನ ಊಟವಾಗಿರುವ, ಕಡುಬಿನಂಥ ಪ್ಯಾಸ್ಟಿಯನ್ನೂ ಮನೆಯಿಂದ ತಂದಿದ್ದರು. ಆಲೂಗಡ್ಡೆ, ಈರುಳ್ಳಿ, ರೂಟಬಾಗ ಗೆಡ್ಡೆ ಹಾಕಿ, ನನಗೋಸ್ಕರ ಮಾಂಸ ಬಿಟ್ಟು ಮಾಡಿಸಿದ್ದು.

ಟ್ರ್ಯಾಕ್ ಬಿಗಿ ಮತ್ತು ನೇರ ಮಾಡುವುದು ಕೊನೆಯ ಕೆಲಸ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಕಡೆ ಹೇಳಿದಷ್ಟು ತೂಕ ತೂಗಿಸಿ, ಟ್ರ್ಯಾಕ್ ಎಷ್ಟು ಜೋಲುತ್ತದೆ ಅಂತ ಅಳೆಯಬೇಕು. ಹಿಂಭಾಗ ಎತ್ತಿ ನಿಲ್ಲಿಸಿ ನಿಧಾನವಾಗಿ ಓಡಿಸಿ, ಎರಡೂ ರೇಲಿಗೆ ಅಂತರ ಸಮ ಇದೆಯಾ ನೋಡಬೇಕು. ಆಗ ಗಾಡಿಯ ಹಿಂದೆ ಯಾರೂ ನಿಲ್ಲಬಾರದು.

ಸ್ಯಾಗ್ ಮತ್ತೆ ಅಳೆದಾಗ ಮೂರೂಕಾಲು ಇಂಚು. ಕ್ಯಾಮ್ ನಡುವಿನ ಸ್ಥಾನದಲ್ಲಿ. ಅಂದರೆ ಸಾಮಾನು ಜಾಸ್ತಿ ಹೊತ್ತ ದಿನ ಬಿಗಿ ಮಾಡಲು, ಖಾಲಿ ದಿನ ಸಡಿಲಿಸಲು, ಎರಡೂ ಕಡೆ ಜಾಗ ಇದೆ. ಅಳತೆ ಟೇಪಿನಲ್ಲಿ ಆ ಅಂಕಿ ನೋಡಿದಾಗ ಹಿಗ್ಗಿದೆ.

ಮೊದಲ ಸವಾರಿಗೆ ಬಿಲ್ ನಿಕಲ್ಸ್ ಟ್ರೇಲಿಗೇ ಹೋದೆ, ಶನಿವಾರ ಮಧ್ಯಾಹ್ನವೇ. ಕ್ಯೂಎಸ್3 ನಡುವಿನ ಸ್ಥಾನದಲ್ಲಿ. ಬ್ರೇಕ್ ಒತ್ತುವ ಕಡೆಯ ಸಣ್ಣ ಉಬ್ಬುಗಳ ಸಾಲು ಬಂತು. ಕಾಲಡಿಯಲ್ಲಿ ಟ್ರ್ಯಾಕ್ ದಡದಡ ಅನ್ನುವ ಸದ್ದು ಹಾಗೇ ಇತ್ತು, ಆದರೆ ಸೀಟು ಅಲ್ಲಾಡಲಿಲ್ಲ. ಸದ್ದು ಕೆಳಗೇ ಉಳಿಯಿತು, ಮೈಗೆ ಏರಲಿಲ್ಲ. ಮೆತ್ತನೆಯ ಸ್ಥಾನಕ್ಕೆ ತಿರುಗಿಸಿದೆ. ಇನ್ನೂ ನಯ, ಆದರೆ ದೊಡ್ಡ ಮೊಗಲ್ ಬಂದಾಗ ಒಮ್ಮೆ ತಳ ತಾಗಿತು. ಗಟ್ಟಿ ಸ್ಥಾನ ನನ್ನ ತೂಕಕ್ಕೆ ಟ್ರೇಲ್‌ನಲ್ಲಿ ಬೇಕಾಗಿಯೇ ಇಲ್ಲ. ಸೀಸನ್ ಪೂರ್ತಿ ಹೆಚ್ಚಾಗಿ ನಡುವಿನಲ್ಲೇ ಓಡಿಸಿದೆ. ಬೆಳಗಿನ ನುಣ್ಣನೆ ಹಾದಿಗೆ ಮೆತ್ತಗೆ.

ಇನ್ನೊಂದು ಸಂಗತಿ ಗಮನಕ್ಕೆ ಬಂತು. ಹಿಂಭಾಗ ಈಗ ಸರಿಯಾಗಿ ಕೂರುವುದರಿಂದ ಮುಂದಿನ ಸ್ಕೀಗಳ ಮೇಲಿನ ಭಾರ ಕಡಿಮೆಯಾಯಿತು. ಹ್ಯಾಂಡಲ್ ಹಗುರ, ತೋಳು ನೋಯುವುದಿಲ್ಲ. ಆದರೆ ಬಿಗಿ ತಿರುವಿನಲ್ಲಿ ಸ್ಕೀ ಸ್ವಲ್ಪ ಜಾರಿ ಅಗಲಕ್ಕೆ ಹೋಗುತ್ತಿತ್ತು. ಮುಂದಿನ ತೋಳು ಎಷ್ಟು ಚಾಚಬಹುದು ಅಂತ ಹಿಡಿದಿಡುವ ಒಂದು ಪಟ್ಟಿ ಇದೆ, ಲಿಮಿಟರ್ ಸ್ಟ್ರಾಪ್. ಅದನ್ನು ಒಂದು ತೂತು ಗಿಡ್ಡ ಮಾಡಿದೆ. ಸ್ಕೀ ಮತ್ತೆ ಕಚ್ಚಿಕೊಂಡಿತು. ಐದು ನಿಮಿಷದ ಕೆಲಸ, ಒಂದು ರೂಪಾಯಿ ಖರ್ಚಿಲ್ಲ. ಸಸ್ಪೆನ್ಷನ್ ಬದಲಿಸಿದವರು ಗಾಡಿ ತಿರುಗುತ್ತಿಲ್ಲ ಅಂತ ದೂರುವ ಮುಂಚೆ ಇದನ್ನು ನೋಡಿ.

ದಿನವಿಡೀ ಓಡಿದ ಮೇಲೆ ಶಾಕ್ ಹೇಗಿರುತ್ತದೆ ಅನ್ನೋದೂ ಮುಖ್ಯ. ಮೊದಲೆಲ್ಲ ಬೆಳಿಗ್ಗೆ ತಕ್ಕಮಟ್ಟಿಗೆ ಇದ್ದ ಗಾಡಿ ಮಧ್ಯಾಹ್ನ ಕುದುರೆಯಂತೆ ಕುಣಿಯುತ್ತಿತ್ತು, ಶಾಕ್ ಕಾದು ಎಣ್ಣೆ ತೆಳುವಾಗಿ ನೊರೆಯಾಗಿ ಹಿಡಿತ ಬಿಡುತ್ತಿತ್ತು. ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗಿದ್ದರೂ ಶಾಕ್ ಮೈ ಬಿಸಿ ಆಗುತ್ತದೆ, ಅಷ್ಟು ಕೆಲಸ ಅದಕ್ಕೆ. ಪರ್ಯಾಯ ದ್ವೀಪದ ತುದಿಯ ಕಾಪರ್ ಹಾರ್ಬರ್ ತನಕ ಹೋಗಿ ಬಂದ ದಿನ ಸಂಜೆಯ ಕೊನೆ ಹಾದಿಯಲ್ಲೂ ಹಿಡಿತ ಬೆಳಗಿನಂತೆಯೇ ಇತ್ತು. ನನ್ನ ದುಡ್ಡು ವಸೂಲಾಯಿತು ಅಂತ ಅನ್ನಿಸಿದ್ದು ಆ ಸಂಜೆ.

ಇಷ್ಟವಾಗದ್ದೂ ಇದೆ. ಹಿಂದಿನ ಶಾಕ್‌ನ ಸ್ಥಾನ ಬದಲಿಸುವ ತಿರುಗುಗುಂಡಿ ಟನಲ್ ಒಳಗೆ ಇರುವುದರಿಂದ ಹಿಮ ಕಟ್ಟಿ ಮಂಜುಗಡ್ಡೆ ಆಗುತ್ತದೆ. ಓಡುವಾಗ ನಿಲ್ಲಿಸಿ ಗ್ಲವ್ಸ್ ಹಾಕಿದ ಕೈಯಲ್ಲಿ ತಿರುಗಿಸುವುದು ಕಷ್ಟ. ಇದು ಆ ಜಾಗದ ಗುಣ, ಅಲ್ಲಿ ಯಾವ ಶಾಕ್ ಇದ್ದರೂ ಅಷ್ಟೇ. ಹೊರಡುವ ಮುಂಚೆಯೇ ಸ್ಥಾನ ನಿರ್ಧರಿಸಿಕೊಳ್ಳಿ. ಖರ್ಚು ಕೂಡ ಸಣ್ಣದಲ್ಲ. ಎರಡು ಶಾಕ್, ಸ್ಪ್ರಿಂಗ್ ಜೋಡಿ, ಬುಷ್, ಬೇರಿಂಗ್, ಬೋಲ್ಟ್ ಸೇರಿ 1,100 ಡಾಲರ್ ಆಸುಪಾಸು. ಹೊಸ ಟ್ರೇಲ್ ಗಾಡಿ 10,000 ಡಾಲರ್ ದಾಟುವುದನ್ನು ನೋಡಿದರೆ ನನಗೆ ಇದು ಒಪ್ಪುತ್ತದೆ. ಎಂಜಿನ್ ಸುಸ್ತಾದ ಗಾಡಿಗೆ ಇಷ್ಟು ಹಾಕಬೇಡಿ. ಮತ್ತೆ, ಶಾಕ್ ಒಳಗೆ ಸುಮಾರು 200 ಪಿಎಸ್‌ಐ ಒತ್ತಡದ ನೈಟ್ರೋಜನ್ ಇರುತ್ತದೆ. ಜೋಡಿಸುವುದು ಮನೆಯಲ್ಲಾದರೂ ರೀಬಿಲ್ಡ್ ಮಾತ್ರ ಅಂಗಡಿಯವರಿಗೇ ಬಿಡಿ. ಒತ್ತಡ ಇಳಿಸದೆ ಮುಚ್ಚಳ ಬಿಚ್ಚಿದರೆ ಅದು ಮುಖಕ್ಕೆ ಹಾರಿ ಬರಬಹುದು.

80-90 ಕೆಜಿಯವರು, ಶಾಕ್ ಇನ್ನೂ ಚೆನ್ನಾಗಿದೆ ಅನ್ನುವವರು ಇಷ್ಟೆಲ್ಲ ಮಾಡಬೇಕಿಲ್ಲ. ಸ್ಯಾಗ್ ಅಳೆದು ಕ್ಯಾಮ್ ಸರಿಮಾಡಿ, ಗ್ರೀಸ್ ಹಾಕಿ, ಬುಷ್ ನೋಡಿಕೊಳ್ಳಿ. ನನ್ನಂತೆ ಹಗುರ ಇರುವವರು, ಅದರಲ್ಲೂ ಗಂಡನದೋ ಅಣ್ಣನದೋ ಹಳೆ ಗಾಡಿ ಕೈಗೆ ಬಂದಿರುವ ಹೆಣ್ಣುಮಕ್ಕಳು, ಸ್ನೋಮೊಬೈಲ್ ಅಂದರೆ ಸೊಂಟ ಮುರಿಯೋ ಆಟ ಅಂತ ಕೈಬಿಡುವ ಮುಂಚೆ ಒಮ್ಮೆ ಸ್ಪ್ರಿಂಗ್ ತಂತಿ ಅಳೆದು ನೋಡಿ.

ಮುಂದಿನ ಸೀಸನ್‌ಗೆ ಸ್ಕೀ ಕಡೆಯ ಎರಡು ಶಾಕ್ ಬಾಕಿ ಇವೆ. ಅವಕ್ಕೂ ಇದೇ ಲೆಕ್ಕ: ಮೊದಲು ಸ್ಪ್ರಿಂಗ್, ಆಮೇಲೆ ಒಳಗಿನ ಶಿಮ್. ಹೋಟನ್, ಹ್ಯಾಂಕಾಕ್, ಕ್ಯಾಲುಮೆಟ್ ಕಡೆ ಕನ್ನಡದವರು ಯಾರಾದರೂ ಈ ಕೆಲಸಕ್ಕೆ ಕೈಹಾಕುವುದಾದರೆ ಸ್ಪ್ರಿಂಗ್ ಕೊಕ್ಕೆ ನನ್ನ ಹತ್ತಿರ ಇದೆ, ತೆಗೆದುಕೊಂಡು ಹೋಗಿ. ಟಾರ್ಚ್ ಹಿಡಿಯಲು ನಾನೂ ಬರುತ್ತೇನೆ.